ಕೊಡಗು ವಿಶ್ವವಿದ್ಯಾಲಯ ವಿಲೀನವಾದರೆ ಸಂಗೀತ ಓದುವವರ ಪಾಡೇನು?

ರಾಜ್ಯದ ಹೊಸ ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಮುಂದುವರಿಸುವುದು ಬೇಡ, ಹಳೆಯ ವಿಶ್ವವಿದ್ಯಾಲಯಗಳಲ್ಲಿ ವಿಲೀನಗೊಳಿಸಬೇಕು ಎಂಬ ನಿಲುವಿಗೆ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ನೇತೃತ್ವದ ಸಂಪುಟ ಉಪಸಮಿತಿ 2025ರ ಫೆಬ್ರುವರಿಯಲ್ಲಿ ಬಂದಾಗ, ಆ ಪಟ್ಟಿಯಲ್ಲಿ ಕೊಡಗು ವಿಶ್ವವಿದ್ಯಾಲಯವೂ ಇತ್ತು. ಅಲ್ಲಿಂದೀಚೆಗೆ ಜಿಲ್ಲೆಯಲ್ಲಿ ಪಿಯುಸಿ ಮುಗಿಸುವ ಪ್ರತಿ ಮನೆಯಲ್ಲೂ ಅದೇ ಪ್ರಶ್ನೆ: ಈಗ ಸೇರಿದರೆ ಪದವಿ ಯಾರ ಹೆಸರಿನಲ್ಲಿ ಸಿಗುತ್ತದೆ? ವಾಣಿಜ್ಯವನ್ನೋ ವಿಜ್ಞಾನವನ್ನೋ ಓದುವವರಿಗೆ ಉತ್ತರ ಬೇಗ ಸಿಗುತ್ತದೆ. ಹಾಡುಗಾರಿಕೆ, ಪಿಟೀಲು, ವೀಣೆ, ಮೃದಂಗ ಎಂದು ಹೊರಟವರಿಗೆ ಮಾತ್ರ ಅದೇ ಹೊತ್ತಿಗೆ ಇನ್ನೆರಡು ಬದಲಾವಣೆಗಳು ಬಂದು ಸೇರಿಕೊಂಡಿವೆ. ಪದವಿಯ ಅವಧಿ ನಾಲ್ಕು ವರ್ಷದಿಂದ ಮೂರಕ್ಕೆ ಮರಳಿದೆ. ಶಾಸ್ತ್ರೀಯ ಸಂಗೀತದ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳ ಹೊಣೆ ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿಯಿಂದ ಸಂಗೀತ ವಿಶ್ವವಿದ್ಯಾಲಯಕ್ಕೆ ಹೋಗಿದೆ. ಮೂರನ್ನೂ ಒಂದೇ ಸುದ್ದಿಯೆಂದು ಓದಿಕೊಂಡವರೇ ಹೆಚ್ಚು.

ಇವು ಮೂರೂ ಬೇರೆ ಬೇರೆ. ಸಂಗೀತ ವಿದ್ಯಾರ್ಥಿಯ ಮಟ್ಟಿಗೆ, ಅತಿ ಹೆಚ್ಚು ಸದ್ದು ಮಾಡುತ್ತಿರುವ ವಿಲೀನದ ಸುದ್ದಿಗೆ ಇವತ್ತಿನ ತೂಕ ಕಡಿಮೆ. ಗುರುವಿನ ಎದುರು ಎಷ್ಟು ಹೊತ್ತು ಸಿಗುತ್ತದೆ, ಕೈಯಲ್ಲಿರುವ ಕಾಗದ ಯಾವ ಕೆಲಸಕ್ಕೆ ನಡೆಯುತ್ತದೆ ಎಂಬೆರಡೇ ಆಮೇಲೆ ಲೆಕ್ಕಕ್ಕೆ ಬರುತ್ತವೆ.

ಹಿನ್ನೆಲೆ

ಕೊಡಗಿನ ಪದವಿ ಕಾಲೇಜುಗಳು ಬಹುಕಾಲ ಮಂಗಳೂರು ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದವು. ಕುಶಾಲನಗರದ ಬಳಿಯ ಚಿಕ್ಕ ಅಳುವಾರದಲ್ಲಿದ್ದ ಆ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ‘ಜ್ಞಾನ ಕಾವೇರಿ’ಯೇ 2023ರಲ್ಲಿ ಕೊಡಗು ವಿಶ್ವವಿದ್ಯಾಲಯದ ನೆಲೆಯಾಯಿತು. ಹೊಸ ವಿಶ್ವವಿದ್ಯಾಲಯಗಳಿಗೆ ದೊಡ್ಡ ಅನುದಾನ ಇರಲಿಲ್ಲ. ಕಾಯಂ ಹುದ್ದೆಗಳೂ ಸಾಕಷ್ಟಿರಲಿಲ್ಲ. ಸರ್ಕಾರ ಮುಂದಿಡುವ ವಾದ ಇದೇ: ಹಣವಿಲ್ಲದೆ ಹೆಸರಿಗಷ್ಟೇ ಇರುವ ವಿಶ್ವವಿದ್ಯಾಲಯದಿಂದ ವಿದ್ಯಾರ್ಥಿಗೆ ಏನು ಲಾಭ? ಜಿಲ್ಲೆಯ ವಾದ ಇದಕ್ಕೆ ತದ್ವಿರುದ್ಧ: ಹಣ ಕೊಡದೆ ಎರಡೇ ವರ್ಷದಲ್ಲಿ ಅಳೆದು ನೋಡಿ ‘ನಡೆಯುತ್ತಿಲ್ಲ’ ಎಂದರೆ ಹೇಗೆ? ರೈಲು ಮಾರ್ಗವೇ ಇಲ್ಲದ, ಮಳೆಗಾಲದಲ್ಲಿ ಸಂಪಾಜೆ ಘಾಟಿ ಯಾವಾಗ ಮುಚ್ಚುತ್ತದೋ ಹೇಳಲಾಗದ ಜಿಲ್ಲೆಗೆ ಸ್ಥಳೀಯ ವಿಶ್ವವಿದ್ಯಾಲಯ ಅಗತ್ಯ ಎನ್ನುವುದು ಭಾವುಕ ಮಾತಲ್ಲ. 2018ರ ಆಗಸ್ಟ್‌ನ ಭೂಕುಸಿತ ಕಂಡವರಿಗೆ ಅದರ ಅರ್ಥ ಗೊತ್ತು.

ಈಗಾಗಲೇ ಸೇರಿದವರು ಹೆದರಬೇಕಾದದ್ದು ಕಡಿಮೆ. ಕಾಲೇಜುಗಳು ಒಂದು ವಿಶ್ವವಿದ್ಯಾಲಯದಿಂದ ಇನ್ನೊಂದಕ್ಕೆ ಹೋಗುವಾಗ, ನೋಂದಣಿಯಾದ ತಂಡಗಳು ಹಳೆಯ ಪಠ್ಯಕ್ರಮದಲ್ಲೇ ಓದು ಮುಗಿಸಲು ಸಾಮಾನ್ಯವಾಗಿ ಅವಕಾಶವಿರುತ್ತದೆ. ತೊಂದರೆ ಬರುವುದು ಬಾಕಿ ವಿಷಯ ಉಳಿಸಿಕೊಂಡವರಿಗೆ. ಹಳೆಯ ಪಠ್ಯಕ್ರಮದ ಮರುಪರೀಕ್ಷೆಗಳು ಕೆಲವು ಅವಧಿಗಳ ನಂತರ ನಿಲ್ಲುತ್ತವೆ. ಪ್ರಾಯೋಗಿಕ ಪತ್ರಿಕೆಯಲ್ಲಿ ಇದು ಇನ್ನೂ ಕಷ್ಟ, ಏಕೆಂದರೆ ಒಬ್ಬ ವಿದ್ಯಾರ್ಥಿಗಾಗಿ ಪರೀಕ್ಷಕರನ್ನೂ ಪಕ್ಕವಾದ್ಯದವರನ್ನೂ ಕರೆಸಲು ಯಾವ ವಿಶ್ವವಿದ್ಯಾಲಯಕ್ಕೂ ಉತ್ಸಾಹ ಇರುವುದಿಲ್ಲ.

ಮೂರೋ ನಾಲ್ಕೋ?

ರಾಷ್ಟ್ರೀಯ ಶಿಕ್ಷಣ ನೀತಿಯಂತೆ 2021-22ರಲ್ಲಿ ಬಂದ ನಾಲ್ಕು ವರ್ಷದ ಆನರ್ಸ್ ಪದವಿಯನ್ನು ರಾಜ್ಯ ಸರ್ಕಾರ 2024-25ರಿಂದ ಕೈಬಿಟ್ಟಿತು. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿ ಇದಕ್ಕೆ ಆಧಾರ. ಈಗ ಬಿ.ಎ.ಯಲ್ಲಿ ಮತ್ತೆ ಮೂರು ವರ್ಷ, ಮೂರು ಐಚ್ಛಿಕ ವಿಷಯ.

ಸಂಗೀತಕ್ಕೆ ಇದರ ಪರಿಣಾಮ ನೇರ. ಬಿ.ಎ. ಸಂಗೀತ ಎಂದರೆ ಮೂರರಲ್ಲಿ ಒಂದು ಪಾಲು ಮಾತ್ರ ಸಂಗೀತ. ಉಳಿದ ಎರಡು ಪಾಲು ಇತಿಹಾಸವೋ ಸಮಾಜಶಾಸ್ತ್ರವೋ ಕನ್ನಡವೋ ಆಗಿರುತ್ತದೆ. ಬಿಪಿಎ, ಅಂದರೆ ಪ್ರದರ್ಶಕ ಕಲೆಗಳ ಪದವಿ, ಹಾಗಲ್ಲ. ಅಲ್ಲಿ ಸಂಗೀತವೇ ಮುಖ್ಯ, ಭಾಷೆಗಳು ಜೊತೆಗೆ. ಬಿಪಿಎ ಅವಧಿ ಎಲ್ಲ ಕಡೆ ಒಂದೇ ಅಲ್ಲ. ಸೇರುವ ವರ್ಷದ ಪ್ರವೇಶ ಅಧಿಸೂಚನೆಯನ್ನೇ ನೋಡಬೇಕು, ಹಿಂದಿನ ವರ್ಷ ಸೇರಿದವರ ಮಾತನ್ನು ನಂಬಬಾರದು.

ಮೂರು ವರ್ಷದ ಪದವಿಯಾದರೆ ಎರಡು ವರ್ಷದ ಎಂಪಿಎ (ಪ್ರದರ್ಶಕ ಕಲೆಗಳ ಸ್ನಾತಕೋತ್ತರ ಪದವಿ) ಅಥವಾ ಎಂ.ಎ. ಮಾಡಿಯೇ ಮುಂದೆ ಹೋಗಬೇಕು. ನಾಲ್ಕು ವರ್ಷದ ಪದವಿಯಲ್ಲಿ 75 ಪ್ರತಿಶತ ಅಂಕ ಪಡೆದವರು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮದಂತೆ ನೇರವಾಗಿ ಪಿಎಚ್‌.ಡಿ.ಗೆ ಅರ್ಜಿ ಹಾಕಬಹುದು. ಪಿಎಚ್‌.ಡಿ. ಗುರಿಯಿರುವವರಿಗೆ ಈ ವ್ಯತ್ಯಾಸ ಮುಖ್ಯ. ವೇದಿಕೆಯೇ ಗುರಿಯಾದವರಿಗೆ ನಾಲ್ಕನೇ ವರ್ಷ ತಪ್ಪಿದ್ದರಿಂದ ನಷ್ಟವೇನೂ ಇಲ್ಲ.

ವಿದ್ವತ್ ಪದವಿಗೆ ಸಮವೇ?

ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಇಲ್ಲಿ. ದಶಕಗಳ ಕಾಲ ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿ ನಡೆಸುತ್ತಿದ್ದ ಸಂಗೀತ, ನೃತ್ಯ, ತಾಳವಾದ್ಯ ಪರೀಕ್ಷೆಗಳನ್ನು ಈಗ ಮೈಸೂರಿನ ಕರ್ನಾಟಕ ರಾಜ್ಯ ಡಾ. ಗಂಗೂಬಾಯಿ ಹಾನಗಲ್ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯ ನಡೆಸುತ್ತಿದೆ. ಅದು 2009ರ ಕಾಯ್ದೆಯಿಂದ ಹುಟ್ಟಿದ ವಿಶ್ವವಿದ್ಯಾಲಯ. ವಿಶ್ವವಿದ್ಯಾಲಯವೇ ನಡೆಸುತ್ತದೆ ಅಂದಮೇಲೆ ವಿದ್ವತ್ತೂ ವಿಶ್ವವಿದ್ಯಾಲಯದ ಪದವಿಯೇ ಎಂದು ಹಲವರು ತಿಳಿದಿದ್ದಾರೆ. ಅಲ್ಲ. ಪರೀಕ್ಷೆ ನಡೆಸುವ ಸಂಸ್ಥೆ ಬದಲಾಗಿದೆ, ಪ್ರಮಾಣಪತ್ರದ ಜಾತಿ ಬದಲಾಗಿಲ್ಲ. ಜೂನಿಯರ್, ಸೀನಿಯರ್, ವಿದ್ವತ್ ಪೂರ್ವ, ವಿದ್ವತ್ ಅಂತಿಮ ಎಂಬ ನಾಲ್ಕು ಮೆಟ್ಟಿಲು ಕೌಶಲದ ಪ್ರಮಾಣಪತ್ರಗಳು. ಬಿ.ಎ., ಬಿಪಿಎ ಶೈಕ್ಷಣಿಕ ಪದವಿಗಳು.

ಕಲಿಕೆಯ ಆಳದಲ್ಲಿ ವಿದ್ವತ್ ಯಾವ ಪದವಿಗೂ ಕಡಿಮೆಯಲ್ಲ ಎನ್ನುವವರ ಮಾತಿನಲ್ಲಿ ಹುರುಳಿದೆ. ಜೂನಿಯರ್‌ನಲ್ಲಿ ಸರಳೆ, ಜಂಟಿ, ಅಲಂಕಾರ, ಗೀತೆ, ಸ್ವರಜತಿ, ಸರಳ ವರ್ಣಗಳಿಂದ ಶುರುವಾಗಿ, ವಿದ್ವತ್ ಹೊತ್ತಿಗೆ ಆಲಾಪನೆ, ನೆರವಲ್, ಕಲ್ಪನಾಸ್ವರ, ಪಲ್ಲವಿಯಂಥ, ಸ್ಥಳದಲ್ಲೇ ಕಟ್ಟಿ ಹಾಡುವ ಬಗೆಗಳವರೆಗೆ ಬರಬೇಕು. ಬಿ.ಎ.ಯಲ್ಲಿ ಮೂರರ ಒಂದು ಪಾಲು ಸಂಗೀತ ಓದಿದವರು ಅಷ್ಟು ದೂರ ಬಾರದೇ ಇರಬಹುದು. ಆದರೆ ನೇಮಕಾತಿ ಕಡತಕ್ಕೆ ಹೀಗೆ ಕಟ್ಟಿ ಹಾಡುವ ಮನೋಧರ್ಮ ಕಾಣಿಸುವುದಿಲ್ಲ, ಕಾಗದ ಮಾತ್ರ ಕಾಣಿಸುತ್ತದೆ. ಕೇಂದ್ರೀಯ ವಿದ್ಯಾಲಯಗಳ ಪ್ರಾಥಮಿಕ ಸಂಗೀತ ಶಿಕ್ಷಕ ಹುದ್ದೆಗೆ ಪಿಯುಸಿ ಮಟ್ಟದಲ್ಲಿ 50 ಪ್ರತಿಶತ ಅಂಕದ ಜೊತೆಗೆ ಸಂಗೀತದಲ್ಲಿ ಪದವಿ ‘ಅಥವಾ ತತ್ಸಮಾನ’ ಬೇಕು. ಆ ‘ತತ್ಸಮಾನ’ಕ್ಕೆ ವಿದ್ವತ್ ಸೇರುತ್ತದೆಯೇ ಎಂಬುದನ್ನು ಅರ್ಜಿದಾರ ತೀರ್ಮಾನಿಸುವಂತಿಲ್ಲ. ಸಮಾನತೆಯ ಆದೇಶದ ಪ್ರತಿ ಕೈಯಲ್ಲಿರಬೇಕು. ಗಾಳಿಬೀಡಿನಲ್ಲಿರುವಂಥ ನವೋದಯ ವಿದ್ಯಾಲಯಗಳ ನಿಯಮ ಇನ್ನೊಂದು ಥರ. ಅಲ್ಲಿ ಗಾಂಧರ್ವ ಮಹಾವಿದ್ಯಾಲಯದ ಸಂಗೀತ ವಿಶಾರದದಂಥ ಹಿಂದೂಸ್ತಾನಿ ಪರೀಕ್ಷೆಗಳ ಹೆಸರು ನೇರವಾಗಿ ಬರುತ್ತದೆ. ಕರ್ನಾಟಕ ಸಂಗೀತ ಓದಿದವರು ತಮ್ಮ ಅರ್ಹತೆ ಯಾವ ಕಲಮಿನಡಿ ಬರುತ್ತದೆ ಎಂದು ಮೊದಲೇ ಗುರುತಿಸಿಕೊಳ್ಳಬೇಕು.

ಪಾಶ್ಚಾತ್ಯ ಸಂಗೀತದವರಿಗೂ ಇದೇ ಗೊಂದಲ. ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪಗಳಲ್ಲಿ ಕೀಬೋರ್ಡ್, ಗಿಟಾರ್ ಕಲಿಯುವ ಮಕ್ಕಳು ಲಂಡನ್ನಿನ ಪರೀಕ್ಷಾ ಸಂಸ್ಥೆಗಳಾದ ಟ್ರಿನಿಟಿ ಅಥವಾ ಎಬಿಆರ್‌ಎಸ್‌ಎಂ ಗ್ರೇಡ್‌ಗಳ ಮಾತಾಡುತ್ತಾರೆ. ಎರಡರಲ್ಲೂ ಒಂದರಿಂದ ಎಂಟರವರೆಗೆ ಗ್ರೇಡ್. ಟ್ರಿನಿಟಿಯಲ್ಲಿ 100ಕ್ಕೆ 60 ಬಂದರೆ ಪಾಸ್, 75ಕ್ಕೆ ಮೆರಿಟ್, 87ಕ್ಕೆ ಡಿಸ್ಟಿಂಕ್ಷನ್. ಎಬಿಆರ್‌ಎಸ್‌ಎಂನಲ್ಲಿ 150ಕ್ಕೆ 100, 120, 130. ಎಬಿಆರ್‌ಎಸ್‌ಎಂನಲ್ಲಿ ಐದನೇ ಗ್ರೇಡಿನ ಥಿಯರಿ ಅಥವಾ ಸಂಸ್ಥೆ ಒಪ್ಪುವ ಅದರ ಪರ್ಯಾಯ ಪರೀಕ್ಷೆ ಮುಗಿಸದೆ ಆರನೇ ಗ್ರೇಡಿನ ವಾದನ ಪರೀಕ್ಷೆಗೆ ಕೂರುವಂತಿಲ್ಲ. ಇದನ್ನು ಮರೆತು ಒಂದು ವರ್ಷ ಕಳೆದುಕೊಳ್ಳುವವರು ಪ್ರತಿ ಊರಿನಲ್ಲೂ ಇದ್ದಾರೆ. ಟ್ರಿನಿಟಿಯ ಎಟಿಸಿಎಲ್, ಎಲ್‌ಟಿಸಿಎಲ್, ಎಫ್‌ಟಿಸಿಎಲ್ ಡಿಪ್ಲೊಮಾಗಳನ್ನು ಆ ಸಂಸ್ಥೆಯೇ ಕ್ರಮವಾಗಿ ಪದವಿಯ ಮೊದಲ ವರ್ಷ, ಕೊನೆಯ ವರ್ಷ ಮತ್ತು ಸ್ನಾತಕೋತ್ತರ ಮಟ್ಟಕ್ಕೆ ಹೋಲಿಸುತ್ತದೆ. ಮಟ್ಟದ ಹೋಲಿಕೆ ಇಲ್ಲಿನ ಪದವಿ ಪತ್ರ ಆಗುವುದಿಲ್ಲ. ಖಾಸಗಿ ಶಾಲೆಗಳಲ್ಲಿ ಅದಕ್ಕೆ ಬೆಲೆಯಿದೆ, ಸರ್ಕಾರಿ ಅರ್ಜಿಯ ಅಂಕಣದಲ್ಲಿ ಅದನ್ನು ಬರೆಯಲು ಜಾಗವೇ ಇರುವುದಿಲ್ಲ.

ಸಣ್ಣ ವಿಶ್ವವಿದ್ಯಾಲಯಕ್ಕೆ ಸಂಗೀತ ಏಕೆ ದುಬಾರಿ

ಅರ್ಥಶಾಸ್ತ್ರದ ಒಬ್ಬ ಅಧ್ಯಾಪಕರು ಅರವತ್ತು ಜನಕ್ಕೆ ಒಟ್ಟಿಗೆ ಪಾಠ ಹೇಳಬಹುದು. ಪಿಟೀಲಿನವರು ವೀಣೆ ಕಲಿಸಲಾರರು, ವೀಣೆಯವರು ಮೃದಂಗ ಕಲಿಸಲಾರರು. ಕರ್ನಾಟಕ ಸಂಗೀತದ ಒಂದು ಕನಿಷ್ಠ ವಿಭಾಗ ಎಂದರೂ ಹಾಡುಗಾರಿಕೆ, ಪಿಟೀಲು, ವೀಣೆ, ಕೊಳಲು, ಮೃದಂಗ ಹೀಗೆ ಐದು ಜನ ಬೇಕು. ಜೊತೆಗೆ ಹಾಡುವವರ ತರಗತಿಗೆ ಪಕ್ಕವಾದ್ಯ ಬೇಕು. ಪ್ರತಿ ವರ್ಷ ಸೇರುವವರು ಹತ್ತು ಹದಿನೈದು ಮಂದಿ. ಶುಲ್ಕದಿಂದ ಇದು ನಡೆಯುವುದಿಲ್ಲ.

ಹಣ ಕೊಟ್ಟರೂ ಇನ್ನೊಂದು ಗಂಟು ಉಳಿಯುತ್ತದೆ. ಸಹಾಯಕ ಪ್ರಾಧ್ಯಾಪಕರಿಗೆ ಅರ್ಹತಾ ಪರೀಕ್ಷೆಗಳಾದ ರಾಷ್ಟ್ರಮಟ್ಟದ ಎನ್‌ಇಟಿ, ರಾಜ್ಯಮಟ್ಟದ ಕೆ-ಸೆಟ್ ಅಥವಾ ಪಿಎಚ್‌.ಡಿ. ಬೇಕು. ಎನ್‌ಇಟಿಯಲ್ಲಿ ಸಂಗೀತದ ಸಂಕೇತ ಸಂಖ್ಯೆ 16. ಮೊದಲ ಪತ್ರಿಕೆಯಲ್ಲಿ 50 ಪ್ರಶ್ನೆ, ಎರಡನೆಯದರಲ್ಲಿ 100, ಎಲ್ಲವೂ ಬಹು ಆಯ್ಕೆಯವು. ಒಂದು ಸ್ವರವನ್ನೂ ಹಾಡಿಸದೆ, ನುಡಿಸದೆ ಪಾಸು ಮಾಡುವ ಪರೀಕ್ಷೆ ಅದು. ಮೂವತ್ತು ವರ್ಷ ಕಛೇರಿ ಮಾಡಿದ ವಿದ್ವಾಂಸರಲ್ಲಿ ಅದನ್ನು ಬರೆದವರು ವಿರಳ. ಯುಜಿಸಿ 2018ರ ನಿಯಮದಲ್ಲಿ ಇದಕ್ಕೊಂದು ಬಾಗಿಲಿದೆ: ಹೆಸರಾಂತ ಗುರುಗಳಲ್ಲಿ ಕಲಿತ, ಆಕಾಶವಾಣಿ ಅಥವಾ ದೂರದರ್ಶನದ ‘ಎ’ ಶ್ರೇಣಿ ಪಡೆದ, ವಿಷಯವನ್ನು ತರ್ಕಬದ್ಧವಾಗಿ ವಿವರಿಸಬಲ್ಲ ಪದವೀಧರ ಕಲಾವಿದರನ್ನು ನೇಮಿಸಿಕೊಳ್ಳಬಹುದು. ಈ ಬಾಗಿಲನ್ನು ನಮ್ಮ ವಿಶ್ವವಿದ್ಯಾಲಯಗಳು ತೆರೆಯುವುದು ಅಪರೂಪ. ತೆರೆಯಬೇಕು. ಅತಿಥಿ ಉಪನ್ಯಾಸಕರನ್ನು ಪ್ರತಿ ವರ್ಷ ಬದಲಿಸುತ್ತ ಹೋದರೆ ವಿದ್ಯಾರ್ಥಿಯ ಬಾನಿ, ಅಂದರೆ ಶೈಲಿ, ಮೂರು ವರ್ಷದಲ್ಲಿ ಮೂರು ಸಲ ಬದಲಾಗುತ್ತದೆ. ಪಿಟೀಲಿನ ಕಮಾನು ಹಿಡಿಯುವ ರೀತಿ, ಮೃದಂಗದ ಬೆರಳು ಜೋಡಣೆ ಇವೆಲ್ಲ ಒಂದು ಕೈಯಿಂದ ಇನ್ನೊಂದಕ್ಕೆ ಹೋಗುವಾಗ ಮೊದಲಿನದ್ದನ್ನು ಕೆಡವಿಯೇ ಕಟ್ಟಬೇಕಾಗುತ್ತದೆ.

ನಲವತ್ತು ನಿಮಿಷದ ಲೆಕ್ಕ

ಕ್ರೆಡಿಟ್ ಪದ್ಧತಿಯಲ್ಲಿ ಒಂದು ಕ್ರೆಡಿಟ್ ಎಂದರೆ ವಾರಕ್ಕೆ ಒಂದು ಗಂಟೆ ಥಿಯರಿ ಅಥವಾ ಎರಡು ಗಂಟೆ ಪ್ರಾಯೋಗಿಕ. ನಾಲ್ಕು ಕ್ರೆಡಿಟ್‌ನ ಪ್ರಾಯೋಗಿಕ ಪತ್ರಿಕೆಗೆ ವಾರಕ್ಕೆ 8 ಗಂಟೆ. ತರಗತಿಯಲ್ಲಿ 12 ಜನ ಇದ್ದರೆ ಒಬ್ಬೊಬ್ಬರಿಗೆ ಬರುವುದು ವಾರಕ್ಕೆ 40 ನಿಮಿಷ. ಉಳಿದ ಹೊತ್ತು ಬೇರೆಯವರದನ್ನು ಕೇಳುವುದು ಅಥವಾ ಒಟ್ಟಿಗೆ ಹಾಡುವುದು. ಕೇಳುವುದರಿಂದ ಲಾಭವಿದೆ, ಆದರೆ ಕೇಳಿದ್ದರಿಂದ ಗಂಟಲು ಪಳಗುವುದಿಲ್ಲ.

ಒಟ್ಟಿಗೆ ಹಾಡುವಾಗಿನ ಅಪಾಯ ಶ್ರುತಿಯದು. ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಹುಡುಗರ ಶ್ರುತಿ ಸಾಮಾನ್ಯವಾಗಿ ಒಂದರಿಂದ ಎರಡು ಮನೆ, ಹುಡುಗಿಯರದು ಐದರ ಆಸುಪಾಸು. ಎಲ್ಲರಿಗೂ ಹೊಂದಲಿ ಎಂದು ನಡುವೆ ಎಲ್ಲೋ ಶ್ರುತಿಪೆಟ್ಟಿಗೆ ಇಟ್ಟರೆ ಯಾರಿಗೂ ಹೊಂದುವುದಿಲ್ಲ. ಹುಡುಗಿಯರ ಮಂದ್ರ (ಕೆಳಸ್ಥಾಯಿ) ಕೇಳಿಸದೆ ಹೋಗುತ್ತದೆ, ಹುಡುಗರು ಮೇಲಿನ ತಾರಸ್ಥಾಯಿಯಲ್ಲಿ ಗಂಟಲು ಬಿಗಿಯುತ್ತಾರೆ. ಎರಡು ವರ್ಷ ಹೀಗೆ ಹಾಡಿದರೆ ಆ ಬಿಗಿತವೇ ಅಭ್ಯಾಸವಾಗಿಬಿಡುತ್ತದೆ, ಆಮೇಲೆ ಬಿಡಿಸುವುದು ಸುಲಭವಲ್ಲ. ಸೇರುವ ಮೊದಲು ಕೇಳಬೇಕಾದ ಪ್ರಶ್ನೆ ಇದು: ಗಂಡು ಹೆಣ್ಣು ಶ್ರುತಿಗಳಿಗೆ ತರಗತಿ ಬೇರೆ ಮಾಡುತ್ತೀರಾ? ಹೌದೆಂದರೆ ಆ ವಿಭಾಗ ನಡೆಸುವವರಿಗೆ ಕೆಲಸ ಗೊತ್ತಿದೆ ಎಂದು ಲೆಕ್ಕ.

ಆದ್ದರಿಂದ ‘ಗುರುಕುಲವೋ ವಿಶ್ವವಿದ್ಯಾಲಯವೋ’ ಎಂಬ ಹಳೆಯ ಜಗಳ ಪೂರ್ತಿ ಸುಳ್ಳು ಜಗಳ. ಮುಂದೆ ಬಂದವರಲ್ಲಿ ಬಹುಪಾಲು ಎರಡನ್ನೂ ಮಾಡಿದವರೇ. ಹಗಲು ಕಾಲೇಜು, ಬೆಳಗ್ಗೆಯೋ ಸಂಜೆಯೋ ಗುರುವಿನ ಮನೆ. ಕೊಡಗಿನ ವಿದ್ಯಾರ್ಥಿಯ ಮುಂದಿರುವ ನಿಜವಾದ ಆಯ್ಕೆ ಊರಿನದು: ಈ ಎರಡೂ ಒಂದೇ ಕಡೆ ಸಿಗುವ ಊರು ಯಾವುದು?

ಕರ್ನಾಟಕ ಸಂಗೀತಕ್ಕೆ ಮೈಸೂರು. ಮೈಸೂರು ವಿಶ್ವವಿದ್ಯಾಲಯದ ಲಲಿತಕಲಾ ಕಾಲೇಜು, ಸಂಗೀತ ವಿಶ್ವವಿದ್ಯಾಲಯ ಎರಡೂ ಅಲ್ಲಿವೆ. ಪಿಟೀಲು ವೀಣೆಗಳ ಗುರುಗಳೂ ವಾದ್ಯ ದುರಸ್ತಿ ಮಾಡುವವರೂ ಅಲ್ಲೇ ಸಿಗುತ್ತಾರೆ. ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್. ದಿನಾ ಓಡಾಡಲಾಗದು, ವಾರಕ್ಕೊಮ್ಮೆ ಆಗುತ್ತದೆ. ಹಿಂದೂಸ್ತಾನಿಗೆ ಧಾರವಾಡ, ಅದು ಊರು ಬಿಟ್ಟು ಹೋಗುವ ಮಾತು.

ಹೋಗಲಾಗದವರಿಗೂ ದಾರಿ ಇದೆ. ವಿದ್ವತ್ ಸರಣಿ ಪದವಿ ಅಲ್ಲದ ಕಾರಣ ಮಡಿಕೇರಿಯಲ್ಲೋ ಪೊನ್ನಂಪೇಟೆಯಲ್ಲೋ ಬಿ.ಕಾಂ. ಓದುತ್ತಲೇ ಅದನ್ನು ಕಟ್ಟಬಹುದು, ಯಾವ ನಿಯಮವೂ ಅಡ್ಡ ಬರುವುದಿಲ್ಲ. ಪೂರ್ಣ ಪದವಿಗಳೇ ಎರಡು ಬೇಕೆಂದರೂ 2022ರಿಂದ ಯುಜಿಸಿ ಏಕಕಾಲದ ಎರಡು ಪದವಿಗಳಿಗೆ ಒಪ್ಪಿದೆ, ತರಗತಿಯ ಸಮಯ ಒಂದರ ಮೇಲೊಂದು ಬೀಳದಿದ್ದರೆ ಆಯಿತು.

ಪ್ರವೇಶ ಪರೀಕ್ಷೆ, ಕೊನೆಯ ಕಛೇರಿ

ಪ್ರವೇಶಕ್ಕೆ ಆಡಿಷನ್ ಇರುವ ಕಡೆ ಸಿದ್ಧತೆ ಹೆಚ್ಚೇನಲ್ಲ. ಒಂದು ಆದಿತಾಳ ವರ್ಣ ಎರಡು ಕಾಲದಲ್ಲಿ (ವೇಗದಲ್ಲಿ), ಬೇರೆ ಬೇರೆ ತಾಳದ ಮೂರು ಕೃತಿ, ಒಂದಕ್ಕೆ ನಾಲ್ಕಾರು ಆವರ್ತ ಕಲ್ಪನಾಸ್ವರ. ಪರೀಕ್ಷಕರು ಒಂದು ಸ್ವರಗುಚ್ಛ ಹಾಡಿ ತಿರುಗಿ ಹಾಡಿಸಬಹುದು, ಒಂದು ಜತಿಯನ್ನು ತಾಳದಲ್ಲಿ ಹೇಳಿಸಬಹುದು. ಸೋಲುವವರು ಸಾಮಾನ್ಯವಾಗಿ ಎರಡು ಕಾರಣಕ್ಕೆ ಸೋಲುತ್ತಾರೆ. ದೊಡ್ಡ ರಾಗ ಹಾಡಿದರೆ ದೊಡ್ಡವರಾಗಿ ಕಾಣುತ್ತೇವೆಂದು ತೋಡಿ, ಕಾಂಭೋಜಿ ಎತ್ತಿಕೊಳ್ಳುವುದು ಒಂದು. ವರ್ಣದ ಎರಡನೇ ಕಾಲದಲ್ಲಿ ಕೈತಾಳ ಓಡುವುದು ಇನ್ನೊಂದು. ಮೋಹನದಲ್ಲಿ ಶ್ರುತಿಶುದ್ಧವಾಗಿ ಹಾಡಿದವರನ್ನು ಯಾವ ಪರೀಕ್ಷಕರೂ ಕೀಳಾಗಿ ಕಾಣುವುದಿಲ್ಲ.

ಕೊನೆಯ ಸೆಮಿಸ್ಟರಿನ ಕಛೇರಿಯಲ್ಲಿ ಕೆಡುವುದು ಸಂಗೀತಕ್ಕಿಂತ ಹೊಂದಾಣಿಕೆ. ವರ್ಣ, ಸಣ್ಣ ಕೃತಿ, ಆಲಾಪನೆ ನೆರವಲ್ ಸ್ವರಗಳ ಸಹಿತ ಮುಖ್ಯ ಕೃತಿ, ತನಿ (ಮೃದಂಗದ ಒಂಟಿ ನುಡಿಕೆ), ದೇವರನಾಮ ಎಂದು ಒಂದು ಗಂಟೆಗೆ ಯೋಜಿಸಿ, ಮೃದಂಗದವರನ್ನು ಹಿಂದಿನ ದಿನ ಮಾತ್ರ ಭೇಟಿಯಾದರೆ ಎಡುಪು (ತಾಳದಲ್ಲಿ ಹಾಡು ಎತ್ತಿಕೊಳ್ಳುವ ಜಾಗ) ತಪ್ಪಿದಾಗ ಇಬ್ಬರೂ ಬೀಳುತ್ತಾರೆ. ಪಕ್ಕವಾದ್ಯದೊಂದಿಗೆ ಕನಿಷ್ಠ ಆರು ಸಲ ಕೂತು ಅಭ್ಯಾಸ ಆಗಿರಬೇಕು. ಕಾಲೇಜೇ ಪಕ್ಕವಾದ್ಯ ಒದಗಿಸುತ್ತದೆಯೋ ವಿದ್ಯಾರ್ಥಿಯೇ ದುಡ್ಡು ಕೊಟ್ಟು ಕರೆತರಬೇಕೋ ಎಂಬುದು ಮೂರು ವರ್ಷದ ಖರ್ಚಿನಲ್ಲಿ ದೊಡ್ಡ ಬಾಬತ್ತು. ಶುಲ್ಕದ ಪಟ್ಟಿಯಲ್ಲಿ ಅದು ಇರುವುದಿಲ್ಲ.

ಮಳೆಗಾಲ ಎಂಬ ಪಠ್ಯೇತರ ವಿಷಯ

ಶೈಕ್ಷಣಿಕ ವರ್ಷ ಶುರುವಾಗುವುದು ಜುಲೈ–ಆಗಸ್ಟ್‌ನಲ್ಲಿ, ಕೊಡಗಿನ ವಾದ್ಯಗಳಿಗೆ ವರ್ಷದ ಅತಿ ಕೆಟ್ಟ ಕಾಲದಲ್ಲಿ. ಮಡಿಕೇರಿ ಸುತ್ತ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ, ತೇವಾಂಶ ತಿಂಗಳುಗಟ್ಟಲೆ 90 ಪ್ರತಿಶತದ ಮೇಲೆ. ಪಿಟೀಲಿನಂಥ ಅಂಟಿಸಿದ ಮರದ ವಾದ್ಯಕ್ಕೆ ಒಗ್ಗುವುದು 40ರಿಂದ 60. ವಾರಾಂತ್ಯಕ್ಕೆ ಮನೆಗೆ ಬಂದು ಸೋಮವಾರ ಮೈಸೂರಿಗೆ ಮರಳುವ ವಿದ್ಯಾರ್ಥಿಯ ವಾದ್ಯ ವಾರಕ್ಕೆರಡು ಸಲ ಹಿಗ್ಗಿ ಕುಗ್ಗುತ್ತದೆ. ಬರೀ ತೇವಕ್ಕಿಂತ ಈ ಏರಿಳಿತವೇ ಹೆಚ್ಚು ಹಾಳು ಮಾಡುವುದು.

ಪಿಟೀಲಿನಲ್ಲಿ ಮೊದಲು ತಂತಿ ಬಿಗಿಯುವ ಬಿರಡೆ ಹಿಗ್ಗಿ ಸಿಕ್ಕಿಕೊಳ್ಳುತ್ತದೆ. ಬಲ ಹಾಕಿ ತಿರುಗಿಸಿದರೆ ಬಿರಡೆಯೇ ಮುರಿಯಬಹುದು. ನಿಧಾನಕ್ಕೆ ಹೊರಗೆಳೆಯುತ್ತ ತಿರುಗಿಸಬೇಕು. ಒಣ ಊರಿಗೆ ಬಂದಾಗ ಅದೇ ಬಿರಡೆ ಜಾರುತ್ತದೆ. ಕಮಾನಿನ ಕೂದಲು ತೇವಕ್ಕೆ ಉದ್ದವಾಗಿ, ತಿರುಪು ಪೂರ್ತಿ ತಿರುಗಿಸಿದರೂ ಬಿಗಿಯಾಗದೆ ಹೋಗುತ್ತದೆ. ನುಡಿಸಿದ ಮೇಲೆ ಸಡಿಲಿಸದೆ ಇಟ್ಟ ಕಮಾನಿನ ಕಡ್ಡಿ ಬಾಗುತ್ತದೆ. ಪಕ್ಕೆಯ ಅಂಟು ಬಿಟ್ಟರೆ ಅದನ್ನು ಫೆವಿಕಾಲ್ ಹಾಕಿ ಮುಚ್ಚಬಾರದು. ಪಿಟೀಲಿಗೆ ಬಳಸುವ ಚರ್ಮದ ಅಂಟು ಬೇಕೆಂದೇ ದುರ್ಬಲ: ಒತ್ತಡ ಬಂದಾಗ ಅಂಟು ಬಿಡಲಿ, ಮರ ಸೀಳದಿರಲಿ ಎಂದು. ಗಟ್ಟಿ ಅಂಟು ಹಾಕಿದರೆ ಮುಂದಿನ ಬೇಸಿಗೆಯಲ್ಲಿ ಹಲಗೆಯೇ ಬಿರಿಯುತ್ತದೆ.

ಮೃದಂಗದಲ್ಲಿ ಚರ್ಮ ನೀರು ಹೀರಿ ಸಡಿಲಾಗುತ್ತದೆ, ಶ್ರುತಿ ಇಳಿಯುತ್ತದೆ, ನಾದ ಮಂಕಾಗುತ್ತದೆ. ನುಡಿಸುವವರು ಕಲ್ಲು ಮತ್ತು ಮರದ ತುಂಡಿನಿಂದ ಬಲಮುಖದ ಅಂಚನ್ನು ಮೇಲಿನಿಂದ ತಟ್ಟಿ ಶ್ರುತಿ ಏರಿಸುತ್ತಾರೆ. ಹಾಗೆ ಬಿಗಿದ ವಾದ್ಯವನ್ನು ಮೈಸೂರಿನ ಹವಾನಿಯಂತ್ರಿತ ಸಭಾಂಗಣಕ್ಕೆ ಒಯ್ದರೆ ಚರ್ಮ ಒಣಗಿ ಇನ್ನೂ ಬಿಗಿಯುತ್ತದೆ, ಕೆಲವೊಮ್ಮೆ ಹರಿಯುತ್ತದೆ. ಪ್ರಯಾಣದ ಮೊದಲು ಅಂಚನ್ನು ಕೆಳಗಿನಿಂದ ತಟ್ಟಿ ಅರ್ಧ ಮನೆ ಇಳಿಸಿಕೊಂಡು ಹೋಗುವುದು, ವೇದಿಕೆಗೆ ಒಂದು ಗಂಟೆ ಮೊದಲು ಚೀಲದಿಂದ ಹೊರತೆಗೆದಿಡುವುದು ಉತ್ತಮ. ಎಡಮುಖದ ರವೆಯನ್ನು ನುಡಿಸಿದ ಕೂಡಲೇ ಕೆರೆದು ಒರೆಸಬೇಕು. ಕೊಡಗಿನ ಹವೆಯಲ್ಲಿ ಒಂದು ರಾತ್ರಿ ಬಿಟ್ಟರೆ ಬೂಷ್ಟು ಬರುತ್ತದೆ. ಹೆಣ್ಣುಮಕ್ಕಳ ಶ್ರುತಿಗೆ ಸುಮಾರು 22 ಅಂಗುಲದ ಮೃದಂಗ, ಗಂಡಸರ ಶ್ರುತಿಗೆ 24 ಅಂಗುಲದ್ದು. ಒಂದರಲ್ಲೇ ಎರಡನ್ನೂ ಸಾಧಿಸಲು ಹೋದರೆ ಚರ್ಮದ ಆಯುಷ್ಯ ಅರ್ಧವಾಗುತ್ತದೆ.

ವೀಣೆಯ ಕಥೆ ಬೇರೆ. 24 ಮೆಟ್ಟಿಲುಗಳು ಜೇನುಮೇಣ ಮತ್ತು ಮಸಿ ಬೆರೆಸಿದ ಸಾಲಿನಲ್ಲಿ ಕೂತಿರುತ್ತವೆ. ಹಲಸಿನ ಮರ ಹಿಗ್ಗಿದಂತೆ ತಂತಿಯ ಎತ್ತರ ಬದಲಾಗಿ ಮೇಲಿನ ಸ್ಥಾಯಿಯ ಸ್ವರಗಳು ತಪ್ಪಾಗಿ ಕೇಳತೊಡಗುತ್ತವೆ. ವಿದ್ಯಾರ್ಥಿ ಅದನ್ನು ತನ್ನ ಬೆರಳಿನ ತಪ್ಪೆಂದು ತಿಳಿದು ತಂತಿಯನ್ನು ಎಳೆದೆಳೆದು ಸರಿಮಾಡಿಕೊಳ್ಳುತ್ತಾನೆ. ಕಿವಿ ಕೆಡುವುದು ಹೀಗೆ. ಮೇಳ ಕಟ್ಟಿಸುವುದು, ಅಂದರೆ ಮೆಟ್ಟಿಲುಗಳನ್ನು ಸ್ವರಕ್ಕೆ ಸರಿಯಾಗಿ ಕೂರಿಸುವುದು, ನುರಿತವರ ಕೆಲಸ. ಅದಕ್ಕೆ ಮಳೆ ನಿಂತು ಹವೆ ನೆಲೆಗೊಂಡ ನವೆಂಬರ್–ಡಿಸೆಂಬರ್ ಸೂಕ್ತ. ಜುಲೈನಲ್ಲಿ ಕಟ್ಟಿಸಿದ ಮೇಳ ಫೆಬ್ರುವರಿಗೆ ಮತ್ತೆ ತಪ್ಪುತ್ತದೆ.

ಪರಿಹಾರ ದುಬಾರಿಯೇನಲ್ಲ. ಪೆಟ್ಟಿಗೆಯೊಳಗೆ ತೇವಮಾಪಕ ಮತ್ತು ಬಣ್ಣ ಬದಲಿಸುವ ಸಿಲಿಕಾ ಜೆಲ್ 100 ಗ್ರಾಂ ಇಡಬೇಕು. ಬಣ್ಣ ಮಾಸಿದಾಗ ಜೆಲ್ಲನ್ನು ಓವನ್‌ನಲ್ಲಿ ಸುಮಾರು 120 ಡಿಗ್ರಿಗೆ ಒಣಗಿಸಿ ಮತ್ತೆ ಬಳಸಬಹುದು. ಒಲೆಯ ಮೇಲಿನ ಅಟ್ಟದಲ್ಲಿ, ಕಾಫಿ ಒಣಗಿಸುವ ಜಾಗದಲ್ಲಿ ವಾದ್ಯ ಇಡುವುದು ಮಾತ್ರ ಬೇಡ. ನಿಧಾನ ಒಣಗುವುದನ್ನು ಮರ ತಡೆದುಕೊಳ್ಳುತ್ತದೆ, ರಭಸದ ಬಿಸಿಯನ್ನಲ್ಲ.

ದುಡಿಗೆ ಪಠ್ಯಕ್ರಮ ಬರೆಯುವವರು ಯಾರು?

ವಿಲೀನದಿಂದ ಸಂಗೀತಕ್ಕೆ ನಿಜವಾಗಿ ಕೈತಪ್ಪಬಹುದಾದದ್ದು ಇದು. ಕರ್ನಾಟಕ ಸಂಗೀತದ ವಿಭಾಗ ಮೈಸೂರಿನಲ್ಲಿದ್ದರೆ ಸಾಕು, ಚಿಕ್ಕ ಅಳುವಾರದಲ್ಲಿ ಅದರ ಬಡ ಪ್ರತಿ ಬೇಕಿಲ್ಲ. ಆದರೆ ದುಡಿ ಬಾರಿಸುತ್ತ ಹಾಡುವ ದುಡಿಕೊಟ್ಟ್ ಪಾಟ್, ಕೊಂಬು, ವಾಲಗ, ಕೊಡವ ಹೆಂಗಸರ ಕುಣಿತವಾದ ಉಮ್ಮತ್ತಾಟ್‌ನ ಹಾಡುಗಳನ್ನು ಪ್ರದರ್ಶನ ಶಿಸ್ತಾಗಿ ಕಲಿಸಲು ಬೇರೆ ಯಾವ ಊರಿನ ವಿಶ್ವವಿದ್ಯಾಲಯಕ್ಕೆ ತುರ್ತು ಇದೆ? ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ, ಅದರ ಹರಹು ಇಡೀ ರಾಜ್ಯದ್ದು.

ದುಡಿ ನಡು ಸಣ್ಣಗಿರುವ ಪುಟ್ಟ ಚರ್ಮವಾದ್ಯ. ನಾಲ್ವರು ದುಡಿ ಹಿಡಿದು ಇಬ್ಬಿಬ್ಬರಾಗಿ ಹಾಡುತ್ತಾರೆ. ಒಂದು ಜೋಡಿ ಸಾಲು ಎತ್ತಿದರೆ ಇನ್ನೊಂದು ಜೋಡಿ ಮುಂದುವರಿಸುತ್ತದೆ. ಸಂದರ್ಭ, ಮನೆತನ, ಹಬ್ಬಕ್ಕೆ ತಕ್ಕಂತೆ ಸಾಲು ಹೊಸೆಯುವ ಶಕ್ತಿ ಹಾಡುಗಾರನಿಗೆ ಇರಬೇಕು. ನಡಿಕೇರಿಯಂಡ ಚಿಣ್ಣಪ್ಪ 1924ರಲ್ಲಿ ಪ್ರಕಟಿಸಿದ ಪಟ್ಟೋಲೆ ಪಳಮೆ ಈ ಹಾಡುಗಳ ಸಾಹಿತ್ಯವನ್ನು ಉಳಿಸಿಕೊಟ್ಟಿತು. ದನಿಯ ಏರಿಳಿತ, ದುಡಿಯ ಪೆಟ್ಟಿನ ಲೆಕ್ಕ ಮಾತ್ರ ಬಾಯಿಂದ ಬಾಯಿಗೇ ಸಾಗಬೇಕು.

ಇಲ್ಲೂ ಎರಡು ಪಕ್ಷಗಳಿವೆ. ಪಠ್ಯಕ್ರಮಕ್ಕೆ ಸಿಕ್ಕಿದ ಕೂಡಲೇ ಹಾಡು ಪ್ರಶ್ನೆಪತ್ರಿಕೆಯಾಗಿ ಒಣಗುತ್ತದೆ ಎನ್ನುವುದು ಒಂದು. ಸುಗ್ಗಿ ಹಬ್ಬ ಪುತ್ತರಿಯ ಹೊತ್ತಿಗೆ ಮಂದ್‌ನಲ್ಲಿ (ಊರ ಬಯಲಿನಲ್ಲಿ) ಹಾಡಬಲ್ಲವರು ವಯಸ್ಸಾಗುತ್ತಿದ್ದಾರೆ, ಕಾಯಲು ಹೊತ್ತಿಲ್ಲ ಎನ್ನುವುದು ಇನ್ನೊಂದು. ಎರಡನೆಯದರ ಕಡೆಗೇ ತಕ್ಕಡಿ ವಾಲುತ್ತದೆ. ಒಂದು ಷರತ್ತು ಮಾತ್ರ ಇದೆ. ಮದುವೆ ಸಾವುಗಳಲ್ಲಿ ವಾಲಗ, ‘ಕೊಟ್ಟು’ ಎಂಬ ಚರ್ಮವಾದ್ಯ ನುಡಿಸುವ ಸಮುದಾಯಗಳವರಲ್ಲಿ ಹಲವರಿಗೆ ಪಿಯುಸಿ ಆಗಿರುವುದಿಲ್ಲ. ಪದವಿ ಕೋರ್ಸ್ ತೆರೆದರೆ ಬಲ್ಲವರು ಹೊರಗೆ ಉಳಿದು, ಬಾರದವರು ಒಳಗೆ ಕಲಿಯುತ್ತಾರೆ. ಆರು ತಿಂಗಳ ಸರ್ಟಿಫಿಕೇಟ್ ಕೋರ್ಸ್, ನುಡಿಸುವವರೇ ಗೌರವಧನ ಪಡೆಯುವ ಶಿಕ್ಷಕರು ಎಂಬ ಕ್ರಮವಾದರೆ ಈ ತೊಡಕು ಬರುವುದಿಲ್ಲ. ಖರ್ಚೂ ಪೂರ್ಣ ವಿಭಾಗದ ಹತ್ತಿರಕ್ಕೂ ಹೋಗುವುದಿಲ್ಲ.

ಇಲ್ಲಿಂದ ಮುಂದೆ

ವಿಶ್ವವಿದ್ಯಾಲಯ ಉಳಿದರೆ, ಅನುದಾನ ಹೆಚ್ಚದ ಹೊರತು ಸಂಗೀತದ ಪೂರ್ಣ ವಿಭಾಗ ನಿರೀಕ್ಷಿಸುವಂತಿಲ್ಲ. ಮೈಸೂರಿನೊಂದಿಗೆ ಸೇರಿದರೆ ಲಲಿತಕಲಾ ಕಾಲೇಜಿನ ಅಧ್ಯಾಪಕರು ವಾರಕ್ಕೆರಡು ದಿನ ಕುಶಾಲನಗರಕ್ಕೆ ಬರುವ ಏರ್ಪಾಡು ಸಾಧ್ಯ, ಯಾರಾದರೂ ಪಟ್ಟು ಹಿಡಿದು ಕೇಳಿದರೆ. ಮಂಗಳೂರಿಗೆ ಮರಳಿದರೆ ಸಂಗೀತದ ಮಟ್ಟಿಗೆ 2023ರ ಹಿಂದಿನ ಸ್ಥಿತಿಯೇ. ಮೂರರಲ್ಲಿ ಯಾವುದಾದರೂ ಈ ವರ್ಷ ಪಿಯುಸಿ ಮುಗಿಸುವವರು ಪದವಿ ಮುಗಿಸುವುದರೊಳಗೆ ಫಲ ಕೊಡುವುದು ಅನುಮಾನ.

ಅವರು ಮೇ ತಿಂಗಳೊಳಗೆ ಮಾಡಬೇಕಾದದ್ದು ಇಷ್ಟು: ಸೇರಬೇಕೆಂದಿರುವ ವಿಭಾಗಕ್ಕೆ ಒಂದು ದಿನ ಹೋಗಿ, ತಮ್ಮ ವಾದ್ಯದ ಅಧ್ಯಾಪಕರು ಕಾಯಂ ಇದ್ದಾರೆಯೇ, ಪಕ್ಕವಾದ್ಯದ ಖರ್ಚು ಯಾರದು ಎಂದು ವಿಚಾರಿಸಬೇಕು. ಆಮೇಲೆ ಹಾಸ್ಟೆಲ್ ವಾರ್ಡನ್ ಬಳಿ ಬೆಳಗ್ಗೆ ಐದಕ್ಕೆ ಸಾಧನೆ ಮಾಡಲು ಕೋಣೆ ಕೊಡುತ್ತಾರೆಯೇ ಎಂದು ಕೇಳಬೇಕು. ಇಲ್ಲವೆಂದರೆ ಹಾಸ್ಟೆಲ್ ಬಿಟ್ಟು ಗುರುವಿನ ಮನೆಯ ಹತ್ತಿರವೇ ಬಾಡಿಗೆ ಕೋಣೆ ಹುಡುಕುವುದು ಒಳ್ಳೆಯದು.